ಶೂಲೆಯ ಬಾಗಿಲಿಗೆ ವಿದ್ಯುತ್ತಿನ ಅಗುಳಿ

ಬೇನೆಗಳಲ್ಲಿ ಮನುಷ್ಯನನ್ನು ಮಲಗಿಸುವ ಬೇನೆ ಒಂದು ಬಗೆ. ಮಲಗಗೊಡದ ಬೇನೆ ಇನ್ನೊಂದು ಬಗೆ. ಮೂತ್ರಪಿಂಡದ ಹರಳಿನಿಂದ ಬರುವ ಶೂಲೆ ಈ ಎರಡನೆಯ ಜಾತಿಗೆ ಸೇರಿದುದು. ಜ್ವರ ಬಂದವನು ಕಂಬಳಿ ಹೊದ್ದು ಮುದುಡಿಕೊಳ್ಳುತ್ತಾನೆ. ಅಪೆಂಡಿಕ್ಸ್ ಬಾತವನು ಅಲುಗಾಡುವುದಕ್ಕೆ ಅಂಜಿ, ಕಾಲು ಮಡಿಚಿಕೊಂಡು ಬಿದ್ದಿರುತ್ತಾನೆ. ಹರಳಿನವನಾದರೋ ಹಾಸಿಗೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಅಲೆಯುತ್ತಾನೆ. ಗೋಡೆಗೆ ಹಣೆಯೊತ್ತಿ ನಿಲ್ಲುತ್ತಾನೆ. ಕುಕ್ಕರಗಾಲಿನಲ್ಲಿ ಕೂತು ಮರುಕ್ಷಣವೇ ಏಳುತ್ತಾನೆ. ಪಕ್ಕೆಲುಬಿನ ಕೆಳಗೆ ಹಿಂಬದಿಯಲ್ಲಿ ಹುಟ್ಟಿದ ನೋವು ಅಲೆಅಲೆಯಾಗಿ ಕಿಬ್ಬೊಟ್ಟೆಗೂ ತೊಡೆಸಂದಿಗೂ ಇಳಿಯುತ್ತದೆ. ವಾಕರಿಕೆ, ವಾಂತಿ, ಮೈಯೆಲ್ಲ ಬೆವರು. “ಗ್ಯಾಸ್ ಆಗಿರಬೇಕು, ಸೋಡಾ ಕುಡಿ” ಎಂದು ಮನೆಯ ಹಿರಿಯರು ಹೇಳುತ್ತಾರೆ. ಸೋಡಾ ಕುಡಿದರೂ ಬೇನೆ ತಗ್ಗುವುದಿಲ್ಲ. ಹೆತ್ತ ತಾಯಂದಿರು ಇದನ್ನು ಹೆರಿಗೆಯ ನೋವಿಗೆ ಹೋಲಿಸುವುದುಂಟು. ಎರಡನ್ನೂ ಉಂಡವರ ಮಾತಾದುದರಿಂದ ಅದನ್ನು ಅಲ್ಲಗಳೆಯುವಂತಿಲ್ಲ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ಒಂದೇ ಹೆದ್ದಾರಿಯ ಮೇಲೆ ಒಂದರ ಮುಂದೊಂದು ಇರುವ ಊರುಗಳು. ಅಶೋಕನ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ನಡುವೆ. ಅದರ ಒಂದು ಮಗ್ಗುಲಿಗೆ ಸಿಂಧನೂರು, ಇನ್ನೊಂದು ಮಗ್ಗುಲಿಗೆ ಲಿಂಗಸುಗೂರು, ಎರಡೂ ಸುಮಾರು 30 ಕಿಲೋಮೀಟರ್ ದೂರದಲ್ಲಿವೆ. ವೈದ್ಯಕೀಯ ಕಾಲೇಜಿನ ದೊಡ್ಡ ದವಾಖಾನೆ ಇರುವ ರಾಯಚೂರು ಪಟ್ಟಣ ಲಿಂಗಸುಗೂರಿನಿಂದಾಗಲಿ ಸಿಂಧನೂರಿನಿಂದಾಗಲಿ 80 ಕಿಲೋಮೀಟರಿಗೆ ಕಡಿಮೆಯಿಲ್ಲ. ಹಗಲಿನಲ್ಲಿ, ಸೊಂಟ ನೆಟ್ಟಗಿರುವವನಿಗೆ ಅದು ದೊಡ್ಡ ದಾರಿಯೇನಲ್ಲ. ಆದರೆ ಹರಳಿನ ಶೂಲೆ ಹಗಲನ್ನೇ ನೋಡಿ ಬರುವುದಲ್ಲ. ನಡುರಾತ್ರಿ ಎರಡು ಗಂಟೆಗೆ, ಊರಿನ ಔಷಧದಂಗಡಿಗಳೆಲ್ಲ ಮುಚ್ಚಿರುವಾಗ, ಜೀಪಿನ ಹಿಂಬದಿಯಲ್ಲಿ ಹೊರಳುವವನಿಗೆ ಪ್ರತಿಯೊಂದು ತಗ್ಗೂ ಒಂದೊಂದು ಏಟು. ದವಾಖಾನೆ ಮುಟ್ಟುವ ತನಕ ಆ ವೇದನೆಗೆ ಏನು ಮಾಡಬೇಕು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಸಣ್ಣದಲ್ಲ. ಅದಕ್ಕೆ ದೊರಕಿರುವ ಉತ್ತರಗಳಲ್ಲಿ, ಅಂಗೈಯಗಲದ ಒಂದು ಬ್ಯಾಟರಿ ಯಂತ್ರವೂ ಸೇರಿದೆ.

ಯಂತ್ರದ ಮಾತಿಗೆ ಮೊದಲು, ಈ ಸೀಮೆಯವರು ‘ಹಳ್ಳು’ ಎಂದು ಕರೆಯುವ ಹರಳುಗಳ ಮಾತು. ಮೂತ್ರದಲ್ಲಿ ಕರಗಿರುವ ಲವಣಗಳು, ನೀರು ಸಾಲದೆ ಹೋದಾಗ, ಬಾಣಲೆಯಲ್ಲಿ ಬತ್ತಿದ ಸಕ್ಕರೆಪಾಕದಂತೆ ಹರಳುಗಟ್ಟುತ್ತವೆ. ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಕೂಡಿ ಆದವು. ಬಿಸಿಲು ಹೆಚ್ಚಿದಂತೆ ಮೈಯ ನೀರು ಬೆವರಾಗಿ ಹೋಗುತ್ತದೆ; ಮೂತ್ರ ಗಟ್ಟಿಯಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸವು 40 ಡಿಗ್ರಿಯನ್ನು ದಾಟುವ ರಾಯಚೂರು ಸೀಮೆಯಲ್ಲಿ ಹರಳಿಗೆ ಬೇಕಾದ ಒಲೆ ಯಾವಾಗಲೂ ಹೊತ್ತಿಯೇ ಇರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾದ ಮೇಲೆ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಭೂಮಿಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಅಲ್ಲಿಯ ವಿಚಿತ್ರವನ್ನು ನೋಡಿ: ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ದಿನವಿಡೀ ಮೊಳಕಾಲುದ್ದ ನೀರಿನಲ್ಲಿ ನಿಂತಿರುತ್ತಾರೆ, ಕುಡಿಯುವುದು ಮಾತ್ರ ಎರಡು ಚರಗಿ. ಬಯಲಿನಲ್ಲಿ ಮರೆಯ ಜಾಗವಿಲ್ಲವೆಂದು ನೀರನ್ನೇ ಕುಡಿಯದೆ ದಿನ ತಳ್ಳುವ ಸಂಕೋಚ ಆ ಬಾಯಾರಿಕೆಯ ಹಿಂದಿರುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಆಳಕ್ಕಿಳಿಯುವವರ ಬೆವರಿನ ಲೆಕ್ಕವೂ ಇದೇ ಖಾತೆಗೆ ಸೇರತಕ್ಕದ್ದು. ಪಟ್ಟಣದಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕೂತು, ದಿನಕ್ಕೆ ಹತ್ತು ಕಪ್ಪು ಚಹಾ ಕುಡಿದು ನೀರನ್ನು ಮರೆಯುವವರೂ ಹರಳಿನ ಪಾಲಿಗೆ ಬೇರೆಯಲ್ಲ.

ಬೋರಿನ ಗಡಸುನೀರೇ ಹರಳಿಗೆ ಮೂಲವೆಂಬ ನಂಬಿಕೆ ಮನೆಮನೆಯಲ್ಲಿಯೂ ಇದೆ. ಆ ಭಾಗದ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚೆಂಬುದು ನಿಜ. ಅದರಿಂದ ಹಲ್ಲು, ಎಲುಬುಗಳಿಗೆ ಕೇಡೆಂಬುದೂ ನಿಜ. ಶುದ್ಧಮಾಡಿದ ನೀರನ್ನು ಕುಡಿಯುವುದಕ್ಕೆ ಅಷ್ಟೇ ಕಾರಣ ಸಾಕು. ಆದರೆ ಹರಳಿನ ಮಟ್ಟಿಗೆ, ನೀರು ಗಡಸೋ ಮೆದುವೋ ಎಂಬುದಕ್ಕಿಂತ ಎಷ್ಟು ನೀರು ಎಂಬುದೇ ಮುಖ್ಯ.

ಹರಳು ಮೂತ್ರಪಿಂಡದೊಳಗೆ ಸುಮ್ಮನೆ ಕುಳಿತಿದ್ದರೆ ಬಹುಕಾಲ ಸುಳಿವನ್ನೇ ಕೊಡದಿರಬಹುದು. ಅದು ಜಾರಿ ಮೂತ್ರನಾಳಕ್ಕೆ ಇಳಿದಾಗ ಕಥೆ ಬದಲಾಗುತ್ತದೆ. ಹರಳಿನ ಚೂಪು ಅಂಚು ನಾಳವನ್ನು ಗೀರುವುದರಿಂದಲೇ ನೋವೆಂದು ಬಹುಮಂದಿ ಭಾವಿಸಿದ್ದಾರೆ. ನೋವಿನ ಹೆಚ್ಚಿನ ಪಾಲು ಗೀರಿನಿಂದಲ್ಲ, ಒತ್ತಡದಿಂದ. ಕಾಲುವೆಯ ತೂಬಿಗೆ ಕಸ ಸಿಕ್ಕಿಕೊಂಡರೆ ಮೇಲ್ಗಡೆ ನೀರು ಉಬ್ಬುವಂತೆ, ಅಡೆಯಾದ ನಾಳದ ಮೇಲೆ ಮೂತ್ರ ತುಂಬಿ ಮೂತ್ರಪಿಂಡದ ಹೊದಿಕೆ ಹಿಗ್ಗುತ್ತದೆ. ಮೈ ತಾನೇ ಸುರಿಸುವ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಸಗಳು ಅಲ್ಲಿಗೆ ರಕ್ತದ ಹರಿವನ್ನು ಏರಿಸಿ, ಮೂತ್ರವನ್ನು ಇನ್ನಷ್ಟು ಸೋಸಿ, ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತವೆ. ವೈದ್ಯರು ಡೈಕ್ಲೋಫೆನಾಕಿನಂಥ ಮದ್ದನ್ನು ಮೊದಲು ಕೊಡುವುದು ಇದಕ್ಕಾಗಿಯೇ. ಅದು ಬರಿಯ ನೋವನ್ನು ಮರೆಸುವುದಿಲ್ಲ. ಆ ರಸಗಳನ್ನು ತಡೆದು ಒತ್ತಡವನ್ನೇ ತಗ್ಗಿಸುತ್ತದೆ. ಶೂಲೆಯ ನೆತ್ತಿಯಲ್ಲಿರುವವನಿಗೆ ಬಿಂದಿಗೆಗಟ್ಟಲೆ ನೀರು ಕುಡಿಸಿ ‘ಹಳ್ಳನ್ನು ತಳ್ಳಿಬಿಡಬೇಕು’ ಎಂದು ಹೊರಡುವ ಬಂಧುಗಳು ತಿಳಿದಿರಬೇಕಾದ ಸಂಗತಿಯೂ ಇದರಲ್ಲಿಯೇ ಅಡಗಿದೆ: ತೂಬು ಕಟ್ಟಿರುವಾಗ ಕಾಲುವೆಗೆ ಇನ್ನಷ್ಟು ನೀರು ಬಿಡುವ ಜಾಣತನ ಅದು. ಬಾಯಾರಿದಷ್ಟು ಕುಡಿದರೆ ಸಾಕು; ಹೆಚ್ಚು ನೀರಿನ ಕಾಲ ಶೂಲೆ ಇಳಿದ ಮೇಲೆ.

ಇನ್ನು ನೋವಿನ ಪ್ರಯಾಣ. ಮೂತ್ರಪಿಂಡದಿಂದ ಹೊರಟ ನೋವಿನ ಸುದ್ದಿಯು ಕೂದಲೆಳೆಗಿಂತಲೂ ತೆಳುವಾದ ನರತಂತುಗಳ ಮೂಲಕ, ಬೆನ್ನಿನ ಕೊನೆಯ ಪಕ್ಕೆಲುಬುಗಳ ಮಟ್ಟದ ನರಗಳನ್ನು ಹಿಡಿದು, ಬೆನ್ನುಹುರಿಯನ್ನು ಸೇರುತ್ತದೆ. ಪಕ್ಕೆ, ಕಿಬ್ಬೊಟ್ಟೆ, ತೊಡೆಸಂದಿಯ ಚರ್ಮದಿಂದ ಬರುವ ನರಗಳೂ ಸೇರುವುದು ಅಲ್ಲಿಗೇ. ಒಂದೇ ಅಂಚೆಕಚೇರಿಗೆ ಎರಡು ಊರುಗಳ ಟಪಾಲು ಬಂದಂತೆ; ಮೆದುಳು ವಿಳಾಸವನ್ನು ತಪ್ಪಾಗಿ ಓದಿಕೊಂಡು ಒಳಗಿನ ಅಂಗದ ನೋವನ್ನು ಹೊರಗಿನ ಚರ್ಮದ ಮೇಲೆ ಬರೆದುಬಿಡುತ್ತದೆ. ಈ ಗೊಂದಲವು ರೋಗಿಗೆ ಶಾಪವಾದರೂ ಚಿಕಿತ್ಸಕನಿಗೆ ಒಂದು ಕಿಂಡಿ. ಆ ಚರ್ಮದ ಮೇಲೆ ಏನಾದರೂ ಮಾಡಿದರೆ ಅದೇ ಅಂಚೆಕಚೇರಿಗೆ ಸುದ್ದಿ ಮುಟ್ಟುತ್ತದೆ.

ಅಜ್ಜಿಯಂದಿರಿಗೆ ಈ ಕಿಂಡಿ ಗೊತ್ತಿತ್ತು. ಉಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಪಕ್ಕೆಗೆ ಶಾಖ ಕೊಡುತ್ತಿದ್ದರು. ಆಸ್ಟ್ರಿಯದ ವಿಯೆನ್ನಾ ನಗರದ ವೈದ್ಯರು ಅಂಬುಲೆನ್ಸಿನಲ್ಲಿ ಬರುವ ಹರಳಿನ ರೋಗಿಗಳಿಗೆ ಬಿಸಿ ಹೊದಿಕೆಯಿಂದ ಶಾಖ ಕೊಟ್ಟು ನೋಡಿ, ನೋವೂ ವಾಕರಿಕೆಯೂ ಗಾಬರಿಯೂ ತಗ್ಗಿದುದನ್ನು 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉಪ್ಪಿನ ಗಂಟಿಗೆ ವಿಯೆನ್ನಾದ ಮುದ್ರೆ ಬೀಳುವುದಕ್ಕೆ ಇಷ್ಟು ಕಾಲ ಬೇಕಾಯಿತು!

ವಿದ್ಯುತ್ತಿನಿಂದ ನೋವನ್ನು ತಣಿಸುವ ಉಪಾಯವೂ ಹೊಸದಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಸಂಧಿವಾತದವರು ಕಡಲ ದಂಡೆಯಲ್ಲಿ ಜೀವಂತ ಟಾರ್ಪಿಡೊ ಮೀನಿನ ಮೇಲೆ ಕಾಲಿಟ್ಟು, ಮೊಳಕಾಲಿನವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕೆಂದು ವಿಧಿಸಿದ್ದಾನೆ. ಆ ಮೀನು ಮೈಯಿಂದ ವಿದ್ಯುತ್ತನ್ನು ಹೊರಡಿಸುವಂಥದು. ಏಕೆ ಗುಣವಾಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಅದಕ್ಕೊಂದು ಮೆಚ್ಚಬಹುದಾದ ಕಾರಣ ಹೊಳೆದುದು 1965ರಲ್ಲಿ. ಕೆನಡದ ರೊನಾಲ್ಡ್ ಮೆಲ್ಜಾಕ್, ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಇಬ್ಬರೂ ಕೂಡಿ, ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆಯೆಂಬ ವಾದವನ್ನು ಮಂಡಿಸಿದರು. ನೋವನ್ನು ಹೊರುವುದು ತೆಳುವಾದ ತಂತು. ಸ್ಪರ್ಶ, ಕಂಪನಗಳನ್ನು ಹೊರುವುದು ದಪ್ಪವಾದ ತಂತು. ದಪ್ಪ ತಂತುಗಳಲ್ಲಿ ಸುದ್ದಿ ದಟ್ಟವಾಗಿ ಬರತೊಡಗಿದರೆ ಬಾಗಿಲು ಮುಚ್ಚಿಕೊಂಡು ನೋವಿನ ಸುದ್ದಿ ಹೊರಗೇ ನಿಲ್ಲುತ್ತದೆ. ಬಿದ್ದು ಮೊಳಕಾಲು ತರಚಿಕೊಂಡ ಮಗುವಿನ ಕಾಲನ್ನು ತಾಯಿ ಉಜ್ಜುವುದೂ, ಹೊಸ್ತಿಲಿಗೆ ಬೆರಳು ಎಡವಿದವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಆ ಬಾಗಿಲನ್ನು ಎಳೆದುಕೊಳ್ಳುವ ಕೆಲಸವೇ. ಎರಡು ವರ್ಷಗಳ ಮೇಲೆ, 1967ರಲ್ಲಿ, ವಾಲ್ ಮತ್ತು ಅಮೆರಿಕದ ವಿಲಿಯಂ ಸ್ವೀಟ್ ಎಂಬ ಶಸ್ತ್ರವೈದ್ಯ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಅನಂತರ ರೋಗಿಗಳಿಗೆ ಸಣ್ಣ ವಿದ್ಯುತ್ಪ್ರವಾಹವನ್ನು ಕೊಟ್ಟು, ನೋವು ತಾತ್ಕಾಲಿಕವಾಗಿ ಅಡಗುವುದನ್ನು ತೋರಿಸಿದರು. ಬಾಗಿಲಿನ ಆ ವಾದವನ್ನು ಬಳಿಕ ಬಂದವರು ಅಲ್ಲಲ್ಲಿ ತಿದ್ದಿದ್ದಾರೆ; ಬುಡವನ್ನು ಕಿತ್ತಿಲ್ಲ.

ಈ ದಾರಿಯಲ್ಲಿ ಹುಟ್ಟಿದುದೇ ಟೆನ್ಸ್ ಎಂಬ ಯಂತ್ರ. ಚರ್ಮದ ಮೇಲಿಂದಲೇ ನರಗಳನ್ನು ವಿದ್ಯುತ್ತಿನಿಂದ ಚೋದಿಸುವುದು ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆ ಹೆಸರು ಬಂದಿದೆ. ಸಣ್ಣ ರೇಡಿಯೋದಷ್ಟು ದೊಡ್ಡದಾದ ಪೆಟ್ಟಿಗೆ, ಅದರಿಂದ ಹೊರಟ ತಂತಿಗಳು, ತಂತಿಯ ತುದಿಗೆ ಅಂಟುಪಟ್ಟಿಗಳು. ಒಳಗಿರುವುದು ಬ್ಯಾಟರಿಯಾದುದರಿಂದ ಮನೆಯ ಕರೆಂಟಿನಂತೆ ಹೊಡೆಯುವ ಭಯವಿಲ್ಲ. ನೋಯುವ ಪಕ್ಕೆಯನ್ನು ಒರಸಿ ಒಣಗಿಸಿ, ನೋವಿನ ನಡುವಿಗೆ ಮೇಲೊಂದು ಕೆಳಗೊಂದರಂತೆ ಪಟ್ಟಿಗಳನ್ನು ಅಂಟಿಸುತ್ತಾರೆ. ಸೆಕೆಂಡಿಗೆ 80ರಿಂದ 120 ಮಿಡಿತಗಳ ವೇಗದಲ್ಲಿಟ್ಟು, ಬಿರಡೆಯನ್ನು ಮೆಲ್ಲಮೆಲ್ಲನೆ ತಿರುಗಿಸುತ್ತಾರೆ. ಇರುವೆ ಹರಿದಾಡಿದಂತೆ, ಆದರೆ ಬಲವಾಗಿ, ಜುಮುಗುಟ್ಟಬೇಕು; ಉರಿಯಬಾರದು, ಸ್ನಾಯು ಸೆಟೆಯಬಾರದು. ತೀರ ಮೆದುವಾಗಿಟ್ಟರೆ ಬಾಗಿಲು ಮುಚ್ಚುವುದಿಲ್ಲ. ಟೆನ್ಸಿನಿಂದ ಏನೂ ಆಗಲಿಲ್ಲವೆನ್ನುವವರಲ್ಲಿ ಅನೇಕರ ತಪ್ಪು ಇದೇ. ಅರ್ಧ ಗಂಟೆ ಇಟ್ಟು ನೋಡುವುದು ವಾಡಿಕೆ. ಯಂತ್ರವನ್ನು ನಿಲ್ಲಿಸಿದ ಮೇಲೆ ಶಮನವು ಕೆಲವರಿಗೆ ಸ್ವಲ್ಪ ಹೊತ್ತು ಉಳಿಯುತ್ತದೆ, ಕೆಲವರಿಗೆ ಆಗಲೇ ಹೋಗುತ್ತದೆ.

ಇದು ಬೆನ್ನುನೋವಿಗೂ ಮಂಡಿನೋವಿಗೂ ಭೌತಚಿಕಿತ್ಸೆಯವರು ಬಹುಕಾಲದಿಂದ ಬಳಸುತ್ತಿರುವ ಯಂತ್ರ. ಹರಳಿನ ಶೂಲೆಗೆ ಸಲ್ಲುವುದೇ ಎಂಬುದನ್ನು ಪರೀಕ್ಷಿಸಿದವರೂ ವಿಯೆನ್ನಾದವರೇ. ಅಂಬುಲೆನ್ಸಿನಲ್ಲಿ ಸಾಗಿಸುವ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಪ್ರವಾಹವನ್ನೂ, ಇನ್ನೊಂದಕ್ಕೆ ಪಟ್ಟಿ ಅಂಟಿಸಿ ಪ್ರವಾಹವಿಲ್ಲದ ಯಂತ್ರವನ್ನೂ ಕೊಟ್ಟರು. ನಿಜವಾದ ಪ್ರವಾಹ ಪಡೆದವರ ವೇದನೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮತ್ತೊಂದು ಗುಂಪಿನವರದು ಇದ್ದಲ್ಲೇ ಇದ್ದಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶವು ಉತ್ಸಾಹ ಹುಟ್ಟಿಸುವಂಥದು. ಆದರೆ ಅಂಥ ಪರೀಕ್ಷೆಗಳು ಬೆರಳೆಣಿಕೆಯಷ್ಟು. ಪಾಲ್ಗೊಂಡವರ ಸಂಖ್ಯೆಯೂ ದೊಡ್ಡದಲ್ಲ. ಆದುದರಿಂದಲೇ ವೈದ್ಯರ ಪಟ್ಟಿಯಲ್ಲಿ ಮದ್ದಿಗೆ ಮೊದಲ ಸ್ಥಾನ. ಯಂತ್ರಕ್ಕೆ ಅದರ ಬೆನ್ನಿಗೆ ನಿಲ್ಲುವ ಸ್ಥಾನ.

ಲಿಂಗಸುಗೂರಿನ ದಾರಿಗೆ ಈ ವಿಯೆನ್ನಾದ ಪಾಠ ಹೊಂದುವಷ್ಟು ವಿಯೆನ್ನಾಕ್ಕೇ ಹೊಂದದು ಎನ್ನಬೇಕು. ಅಲ್ಲಿಯ ಅಂಬುಲೆನ್ಸು ನಗರದ ಬೀದಿಗಳನ್ನು ದಾಟಿದರೆ ಆಸ್ಪತ್ರೆ. ಇಲ್ಲಿ ಊರಿಗೂ ಊರಿಗೂ ನಡುವೆ ಕತ್ತಲೆಯ ಬಯಲು. ಕರ್ನಾಟಕದಲ್ಲಿ 108ರ ವಾಹನಗಳು 2008ರಿಂದ ಓಡಾಡುತ್ತಿವೆ. ಕೆಲವು ಸಾವಿರ ರೂಪಾಯಿಗಳೊಳಗೆ ದೊರೆಯುವ ಈ ಪೆಟ್ಟಿಗೆಯನ್ನು ದೂರದ ದಾರಿಯ ವಾಹನಗಳಲ್ಲಿಟ್ಟು, ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಡುವುದು ಅಸಾಧ್ಯವಾದ ಖರ್ಚೇನೂ ಅಲ್ಲ. ಹೊಟ್ಟೆಯ ಹುಣ್ಣಿನವರು, ಮೂತ್ರಪಿಂಡದ ಶಕ್ತಿಯೇ ಕುಂದಿದವರು, ಡೈಕ್ಲೋಫೆನಾಕಿನ ಜಾತಿಯ ಮದ್ದುಗಳನ್ನು ತೆಗೆದುಕೊಳ್ಳಲಾಗದವರು. ಇಂಥವರಿಗಂತೂ ಮದ್ದಿಲ್ಲದ ಉಪಶಮನವು ದೊಡ್ಡ ಆಸರೆ.

ಇಷ್ಟು ಹೊಗಳಿದ ಮೇಲೆ ತೆಗಳುವ ಸರದಿ. ‘ಕರೆಂಟು ಕೊಟ್ಟು ಹಳ್ಳು ಕರಗಿಸುತ್ತಾರೆ’ ಎಂಬ ಮಾತು ಸಂತೆಯಿಂದ ಸಂತೆಗೆ ಓಡಾಡುತ್ತದೆ. ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ಹೊರಗಿನಿಂದಲೇ ಹರಳನ್ನು ಒಡೆಯುವ ಯಂತ್ರವೊಂದುಂಟು. 1980ರ ಫೆಬ್ರುವರಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಶೌಸಿ ಮತ್ತು ಸಂಗಡಿಗರು ಮೊದಲ ರೋಗಿಗೆ ಅದನ್ನು ಬಳಸಿದರು. ಅದು ಕೋಣೆಯಗಲದ ದೊಡ್ಡ ಯಂತ್ರ. ಹರಳನ್ನು ಪುಡಿಮಾಡುವುದು ಶಬ್ದದ ಜಾತಿಯ ಆಘಾತದ ಅಲೆ, ಮೈಗೆ ಹರಿಸಿದ ವಿದ್ಯುತ್ತಲ್ಲ. ಅಂಗೈಯ ಟೆನ್ಸಿಗೆ ಹರಳಿನ ಸುದ್ದಿಯೇ ಇಲ್ಲ. ಅದು ಹರಳನ್ನು ಕರಗಿಸದು, ಒಡೆಯದು, ಸರಿಸದು. ನೋವಿನ ಬಾಗಿಲಿಗೆ ಅಗುಳಿ ಹಾಕುವುದಷ್ಟೇ ಅದರ ಕೆಲಸ. ಈ ಪೆಟ್ಟಿಗೆಯನ್ನು ತೋರಿಸಿ ಹರಳು ಕರಗಿಸುವೆನೆನ್ನುವವನಿಂದ ದೂರವಿರುವುದು ಕ್ಷೇಮ.

ದೂರವಿರಬೇಕಾದುದು ದುಡ್ಡು ಹೋಗುವುದೆಂಬ ಕಾರಣಕ್ಕೆ ಮಾತ್ರವಲ್ಲ. ಮಸ್ಕಿಯ ಒಬ್ಬ ಕಿರಾಣಿ ವ್ಯಾಪಾರಿಯನ್ನು ಊಹಿಸಿಕೊಳ್ಳಬಹುದು. ಸುಗ್ಗಿಯ ವಹಿವಾಟು ಜೋರಾಗಿರುವಾಗ ಶೂಲೆ ಬಂದಿದೆ. ಪಟ್ಟಿ ಅಂಟಿಸಿಕೊಂಡು ನೋವು ಇಳಿದಿದೆ. ಎರಡು ಮೂರು ದಿನಗಳಲ್ಲಿ ಪಟ್ಟಿಯಿಲ್ಲದೆಯೂ ನೋವಿಲ್ಲ. “ಹಳ್ಳು ಬಿದ್ದುಹೋಗಿರಬೇಕು” ಎಂದುಕೊಂಡು ಅವನು ಅಂಗಡಿಗೆ ಹೋಗುತ್ತಾನೆ. ವಾಸ್ತವವಾಗಿ ನಾಳ ಇನ್ನೂ ಮುಚ್ಚಿಯೇ ಇರಬಹುದು. ಅಡೆಯಾದ ಮೂತ್ರಪಿಂಡವು ದಿನ ಕಳೆದಂತೆ ಸೋಸುವುದನ್ನು ಕಡಿಮೆಮಾಡುತ್ತದೆ, ಒತ್ತಡ ತಗ್ಗುತ್ತದೆ, ನೋವು ಮಾಯವಾಗುತ್ತದೆ. ಆ ಮೌನವು ಗುಣದ ಮೌನವಲ್ಲ, ಸೋಲಿನ ಮೌನ. ಪೂರ್ತಿ ಕಟ್ಟಿಕೊಂಡ ನಾಳವನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಮಗ್ಗುಲಿನ ಮೂತ್ರಪಿಂಡ ಮತ್ತೆಂದೂ ಮೊದಲಿನಂತಾಗದೆ ಹೋಗಬಹುದು. ಆದುದರಿಂದ ನೋವು ಇಳಿಯಲಿ, ಇಳಿಯದಿರಲಿ, ಹರಳು ಹೊರಬಿದ್ದಿತೇ ಎಂಬುದನ್ನು ಸ್ಕ್ಯಾನ್ ಮಾಡಿಸಿ ನೋಡಲೇಬೇಕು.

ಶೂಲೆಯ ಜೊತೆಗೆ ಚಳಿಜ್ವರ ಬಂದರೆ ವಾರದ ಮಾತೂ ಇಲ್ಲ, ಗಂಟೆಯ ಮಾತು. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಹುಟ್ಟಿ ರಕ್ತಕ್ಕೇರಿದರೆ ಜೀವಕ್ಕೇ ಅಪಾಯ. ಆಗ ಯಂತ್ರವನ್ನು ಬದಿಗಿಟ್ಟು, ಯಾವ ಸರಿರಾತ್ರಿಯಾದರೂ ಸರಿ, ಅಡೆಯನ್ನು ತೆಗೆಯಬಲ್ಲ ಆಸ್ಪತ್ರೆಗೆ ಹೊರಡತಕ್ಕದ್ದು. ಮೂತ್ರ ನಿಂತೇಹೋದವರು, ಒಂದೇ ಮೂತ್ರಪಿಂಡವುಳ್ಳವರು, ವಾಂತಿಯಿಂದ ಏನೂ ಹೊಟ್ಟೆಯಲ್ಲಿ ನಿಲ್ಲದವರು ಇವರಿಗೂ ಇದೇ ಮಾತು.

ಮೊದಲ ಬಾರಿ ಬಂದ ಪಕ್ಕೆನೋವಿಗೆ ವೈದ್ಯರ ಪರೀಕ್ಷೆಗೆ ಮುನ್ನವೇ ಪಟ್ಟಿ ಅಂಟಿಸುವುದು ಸರಿಯಲ್ಲ. ಬಲಗಡೆಯ ನೋವು ಅಪೆಂಡಿಕ್ಸಿನದಾಗಿರಬಹುದು. ಮುಟ್ಟು ತಪ್ಪಿದ ಹೆಂಗಸಿನ ಕಿಬ್ಬೊಟ್ಟೆಯ ನೋವು ನಾಳದಲ್ಲಿ ಕಟ್ಟಿದ ಗರ್ಭವಾಗಿರಬಹುದು. ಅರುವತ್ತು ದಾಟಿದವರಲ್ಲಿ ಮಹಾಧಮನಿ ಉಬ್ಬಿ ಸೋರುವುದೂ ಹೀಗೆಯೇ ವೇಷ ಹಾಕಿಕೊಂಡು ಬರುವುದುಂಟು. ಆದುದರಿಂದ ಟೆನ್ಸ್ ಎಂಬುದು, ಹರಳಿದೆಯೆಂದು ಈಗಾಗಲೇ ಖಚಿತವಾಗಿ, ವೈದ್ಯರ ಸಲಹೆ ಪಡೆದವರ ಸಾಧನ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ಇದನ್ನು ಮುಟ್ಟಲೇಬಾರದು. ಬಸುರಿಯರ ಹೊಟ್ಟೆಯ ಮೇಲಾಗಲಿ, ಯಾರದೇ ಕೊರಳಿನ ಮುಂಭಾಗಕ್ಕಾಗಲಿ, ಗಾಯದ ಮೇಲಾಗಲಿ ಪಟ್ಟಿಗಳನ್ನು ಅಂಟಿಸತಕ್ಕದ್ದಲ್ಲ.

5 ಮಿಲಿಮೀಟರಿಗಿಂತ ಚಿಕ್ಕದಾದ ಹರಳುಗಳು ಮೂರರಲ್ಲಿ ಎರಡರಷ್ಟು ತಾವಾಗಿಯೇ ಹೊರಬೀಳುತ್ತವೆ. ದೊಡ್ಡವನ್ನು ಒಡೆಯುವುದೋ, ದುರ್ಬೀನಿನಿಂದ ತೆಗೆಯುವುದೋ ವೈದ್ಯರ ನಿರ್ಧಾರ. ಒಮ್ಮೆ ಹರಳು ಬಂದ ಮನೆಗೆ ಅದು ಮತ್ತೆ ಬರುವ ನೆಂಟ. ಅದನ್ನು ತಡೆಯುವ ಮುಖ್ಯ ಮದ್ದು ನೀರು: ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗುವಷ್ಟು. ಬೇಸಗೆಯಲ್ಲಿ, ಹೊಲದಲ್ಲಿ ದುಡಿಯುವವರಿಗೆ ಅದಕ್ಕೆ ನಾಲ್ಕು ಲೀಟರಾದರೂ ಕುಡಿಯಬೇಕಾದೀತು. ಮೂತ್ರದ ಬಣ್ಣ ತಿಳಿಯಾಗಿದೆಯೇ ಎಂಬುದೇ ಅಳತೆಗೋಲು. ನಿಂಬೆಹಣ್ಣಿನ ಪಾನಕ ಒಳ್ಳೆಯದು, ಉಪ್ಪು ಹಾಕದೆ. ಹರಳಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು, ಮಜ್ಜಿಗೆಗಳನ್ನು ಬಿಟ್ಟುಬಿಡುವ ಮಡಿವಂತಿಕೆ ತಪ್ಪು. ಊಟದ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲಿಯೇ ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಬಿಟ್ಟವರಿಗಿಂತ, ಅದನ್ನು ವಾಡಿಕೆಯಂತೆ ಉಂಡು ಉಪ್ಪನ್ನೂ ಮಾಂಸವನ್ನೂ ಇಳಿಸಿದವರಿಗೆ ಹರಳು ಮರಳುವುದು ಕಡಿಮೆಯೆಂದು ಇಟಲಿಯ ವೈದ್ಯರು 2002ರಲ್ಲಿ ತೋರಿಸಿದ್ದಾರೆ. ಊಟದ ಎಲೆಯಲ್ಲಿ ಮಿತಗೊಳಿಸಬೇಕಾದುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು.

ಶೂಲೆ ಇಳಿದ ದಿನಗಳಲ್ಲಿ ಮೂತ್ರವನ್ನು ತೆಳುವಾದ ಬಟ್ಟೆಯಲ್ಲಿ ಸೋಸುತ್ತಿರುವುದು ಒಳ್ಳೆಯದು. ಸಾಸಿವೆ ಕಾಳಿನಷ್ಟಿನ, ಕಂದು ಬಣ್ಣದ ಹರಳು ಸಿಕ್ಕಿದರೆ ಎಸೆಯದೆ, ತೊಳೆದು ಒಣಗಿಸಿ, ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಮುಂದಿನ ಸಲ ರಾಯಚೂರಿಗೋ ಬಳ್ಳಾರಿಗೋ ಹೋಗುವಾಗ ವೈದ್ಯರ ಕೈಗೆ ಕೊಡಬೇಕು. ಅದು ಆಕ್ಸಲೇಟಿನದೋ, ಯೂರಿಕ್ ಆಮ್ಲದ್ದೋ ಎಂದು ಪ್ರಯೋಗಶಾಲೆಯವರು ಹೇಳಬಲ್ಲರು. ಆಮೇಲಿನ ಪಥ್ಯವೂ ಮದ್ದೂ ನಿಶ್ಚಯವಾಗುವುದು ಅದರ ಮೇಲೆಯೇ.